ಹನೊಯ್‌ನ ಬಟ್ಟಲಲ್ಲಿ ಸಿಕ್ಕ ಎಲುಬು

ದೇವರು ಮೈಮೇಲೆ ಬಂತು, ಸತ್ತವರು ಕಂಡರು ಎಂದು ಯಾರಾದರೂ ಹೇಳಿದರೆ ನಾನು ಎದುರಿಗೇ ನಗುತ್ತಿದ್ದೆ. ಮೂವತ್ತೆರಡನೆಯ ವಯಸ್ಸಿಗೆ ಹತ್ತನೇ ತರಗತಿ ಪಾಸಾದವನು ನಾನು. ತಡವಾಗಿ ಕಲಿತದ್ದಕ್ಕೋ ಏನೋ, ಪುಸ್ತಕದಲ್ಲಿ ಇಲ್ಲದ್ದನ್ನು ನಂಬುತ್ತಿರಲಿಲ್ಲ. ಈಗ ಇದನ್ನು ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ. ನೀವು ನಕ್ಕರೆ ನನಗೆ ಸಿಟ್ಟಿಲ್ಲ.

ಬೈಲಹೊಂಗಲದಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ರಾಮದುರ್ಗದಲ್ಲಿ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ ಶಿವಪ್ಪಣ್ಣನದೂ ಅಂಥದೇ ಅಂಗಡಿ. ನಮ್ಮಿಬ್ಬರದೂ ಮಾಂಸ ಮುಟ್ಟದ ಮನೆತನ. ನನ್ನ ಮಗಳ ನಿಶ್ಚಿತಾರ್ಥದ ದಿನ ಗಂಡಿನವರ ಎದುರೇ ಶಿವಪ್ಪಣ್ಣ ತನಗೆ ಬಡಿಸಿದ್ದ ತಾಟು ಸರಿಸಿ ಪಂಕ್ತಿಯಿಂದ ಎದ್ದ.

"ಕಿತ್ತೂರ ಧಾಬಾದಾಗ ಎಲುಬ ಕಡಿತಾನ ಇಂವಾ. ಇವನ ಮನ್ಯಾಗ ನಾ ಉಣ್ಣಂಗಿಲ್ಲ!"

ಆ ಧಾಬಾದಲ್ಲಿ ನಾನು ಚಹಾ ಕುಡಿದದ್ದು ನಿಜ. ಉಳಿದದ್ದು ಸುಳ್ಳು. ಆದರೆ ಪಂಕ್ತಿಯಿಂದ ಒಬ್ಬ ಎದ್ದರೆ ಉಳಿದವರ ಕೈಯೂ ನಿಲ್ಲುತ್ತದೆ. ಗಂಡಿನವರೂ ಎದ್ದರು. ಸಂಬಂಧ ಮುರಿಯಿತು. ಮಗಳು ಹೋಳಿಗೆಯ ಬುಟ್ಟಿ ಹಿಡಿದು ನಿಂತಲ್ಲೇ ನಿಂತಿದ್ದಳು.

ಎರಡು ವರ್ಷದ ನಂತರ ಒಂದು ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ವಿಯೆಟ್ನಾಂಗೆ ಕರೆದೊಯ್ದರು. ಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಶಿವಪ್ಪಣ್ಣನ ಹೆಸರೂ ಇದ್ದದ್ದು ನೋಡಿಯೇ ನಾನು ಪಾಸ್‌ಪೋರ್ಟ್ ಮಾಡಿಸಿದೆ.

ಕಮ್ಯುನಿಸ್ಟರ ದೇಶವೆಂದರೆ ಎಲ್ಲದಕ್ಕೂ ರೇಷನ್ ಕಾರ್ಡು, ಸಾಲುಗಟ್ಟಿ ಪಾಳಿ ಎಂದುಕೊಂಡಿದ್ದೆ. ಹನೊಯ್‌ನಲ್ಲಿ ಕಂಬಕಂಬಕ್ಕೆ ಕೆಂಪು ಬಾವುಟವೇನೋ ಇತ್ತು. ಬೆಳಗಾದರೆ ಓಣಿಯ ಮೈಕಿನಲ್ಲಿ ಸರಕಾರದ ಮಾತೂ ಕೇಳುತ್ತಿತ್ತು. ಆದರೆ ಅದರ ಕೆಳಗೇ ನಮ್ಮ ಕಡೆಯ ನೇಸರಗಿ ಸಂತೆಯಂತೆ ಫುಟ್‌ಪಾತ್ ತುಂಬ ಅಂಗಡಿ. ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಆಫೀಸಿನವನೂ ಕೂಲಿಯವನೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಅಕ್ಕಿ ಶಾವಿಗೆಯ ಬಿಸಿ ಸಾರು ಕುಡಿಯುತ್ತಾರೆ. ನಾವು ರೊಟ್ಟಿಯ ಜೊತೆ ಹಸಿ ಮೆಂತ್ಯೆ ತಿನ್ನುವಂತೆ ಅವರೂ ಸೊಪ್ಪನ್ನು ಹಸಿಯಾಗಿಯೇ ತಿನ್ನುತ್ತಾರೆ. ಮೇಲೆ ಶೇಂಗಾ ಪುಡಿ. ಆ ಜನ ನನಗೆ ಹಿಡಿಸಿದರು.

ಮೂರನೆಯ ದಿನ ಬೆಳಿಗ್ಗೆ, ಊರಿಂದ ಒಯ್ದ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಮುಗಿದವು.

"ನಡಿಯೋ ತಮ್ಮಾ, ಎಲ್ಲೆರೆ ಹೊಟ್ಟಿಗೆ ಹಾಕೊಳ್ಳೋಣು," ಎಂದ ಶಿವಪ್ಪಣ್ಣ. "ನಿನಗೇನ ಬಿಡು, ಕಿತ್ತೂರ ಧಾಬಾದಾಂವಗ ಇಲ್ಲಿ ದಿನಾ ಹಬ್ಬ!"

"ಬರ್ರಿ ಅಣ್ಣಾರ, ಇವತ್ತ ನಿಮಗ ನಾನ ತಿನಸ್ತೇನಿ," ಎಂದೆ.

ಹೋಟೆಲಿನ ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜಿಯ ಅಂಗಡಿ. ಮಾಂಸವಿಲ್ಲದ ಊಟಕ್ಕೆ ಏನನ್ನಬೇಕೆಂದು ನಮ್ಮ ಗೈಡ್ ಹುಡುಗಿ ಕಲಿಸಿದ್ದಳು. ಇಬ್ಬರಿಗೂ ಅದನ್ನೇ ಹೇಳುತ್ತೇನೆಂದು ನಂಬಿಸಿ ಅವನನ್ನು ದೂರದ ಸ್ಟೂಲಿನ ಮೇಲೆ ಕೂರಿಸಿ, ನನ್ನ ಎದೆ ಮುಟ್ಟಿ ಆ ಶಬ್ದ ಹೇಳಿದೆ. ಆಮೇಲೆ ಅವನ ಕಡೆ ಬೆರಳು ತೋರಿಸಿ, ಗೋಡೆಯ ಮೇಲಿನ ಹಂದಿಯ ಚಿತ್ರ ತಟ್ಟಿದೆ. ಅಜ್ಜಿ ನನ್ನ ಮುಖವನ್ನು ಬಹಳ ಹೊತ್ತು ನೋಡಿ ತಲೆಯಾಡಿಸಿದಳು.

ಅವನು ಉಣ್ಣುವುದನ್ನು ನೋಡುತ್ತ ಕುಳಿತೆ. ಅಷ್ಟು ಸುಖ ನನಗೆ ಹಿಂದೆಂದೂ ಆಗಿರಲಿಲ್ಲ. ಊರಲ್ಲಿ ಅದೇ ನೆಂಟರ ಪಂಕ್ತಿಯ ನಡುವೆ ಎದ್ದು ನಿಂತು, ಇವನು ಹಂದಿ ತಿಂದ ಎಂದು ಹೇಳಲು ಶಬ್ದ ಜೋಡಿಸುತ್ತಿದ್ದೆ.

"ಏನ್ ರುಚಿ ಐತೋ ತಮ್ಮಾ! ಇನ್ನೊಂದ ಬಟ್ಟಲಾ ಹೇಳ," ಎಂದ.

ಆಗಲೇ, ನನ್ನ ಬಟ್ಟಲಿನ ಶಾವಿಗೆ ಅಗಿಯುತ್ತಿದ್ದಾಗ, ಹಲ್ಲಿಗೆ ಗಟ್ಟಿಯಾಗಿ ಏನೋ ತಾಗಿತು. ಉಗಿದು ನೋಡಿದೆ. ಬೆರಳಿನ ಗೆಣ್ಣಿನಷ್ಟು ಎಲುಬು. ಬಟ್ಟಲು ಅದಲುಬದಲಾದವು ಎಂದುಕೊಂಡೆ. ಮುಷ್ಟಿ ಮುಚ್ಚಿ ಎದ್ದೆ.

ಗೈಡ್ ಹುಡುಗಿಗೆ ಹೇಳಿದಾಗ ನಕ್ಕಳು. ಇವತ್ತು ಅಮಾವಾಸ್ಯೆ, ಆ ಅಜ್ಜಿ ಅಮಾವಾಸ್ಯೆ-ಹುಣ್ಣಿಮೆಗೆ ಮಾಂಸವನ್ನು ಅಂಗಡಿಯೊಳಗೇ ತರುವುದಿಲ್ಲ, ಪಾತ್ರೆಗಳೂ ಬೇರೆ ಎಂದಳು. ಊರಲ್ಲಿದ್ದರೆ ನಾನೂ ಅಂಗಡಿಗೆ ಪೂಜೆ ಮಾಡುವ ದಿನ. ಪರದೇಶದಲ್ಲಿ ಮರೆತಿದ್ದೆ.

ನಂಬಲಾಗದೆ ಅವಳನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಅಜ್ಜಿ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು. ಅಣಬೆ, ಮೂಲಂಗಿ, ಪನೀರಿನಂಥ ಸೋಯಾ ಹಾಲಿನ ಗಡ್ಡೆ. ಶಿವಪ್ಪಣ್ಣ ತಿಂದದ್ದೂ ಇದನ್ನೇ. ನಾನು ಮುಷ್ಟಿ ಬಿಚ್ಚಿದೆ. ಅವಳು ಎಲುಬು ನೋಡಿ, ನನ್ನ ಬೆರಳುಗಳನ್ನು ಒಂದೊಂದಾಗಿ ಮತ್ತೆ ಮಡಚಿ ಏನೋ ಅಂದಳು.

"ಇದು ನಮ್ಮದಲ್ಲ, ನೀವೇ ತಂದದ್ದು ಅಂತಾಳೆ," ಎಂದು ಗೈಡ್ ತಿಳಿಸಿದಳು.

ಎಲುಬು ಈಗಲೂ ನನ್ನ ಅಂಗಡಿಯ ಡ್ರಾವರ್‌ನಲ್ಲಿದೆ. ಎಲ್ಲಿಂದ ಬಂತೋ ಗೊತ್ತಿಲ್ಲ. ಶಿವಪ್ಪಣ್ಣನ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ನೆಂಟರ ಪಂಕ್ತಿಯಲ್ಲಿ ಅವನು ಇಂದಿಗೂ "ಕಿತ್ತೂರ ಧಾಬಾ" ಎಂದು ನನ್ನ ಕಡೆ ನೋಡಿ ನಗುತ್ತಾನೆ. ಮೊದಲು ಸುಳ್ಳು ಎಂದು ಕೂಗುತ್ತಿದ್ದೆ. ಈಗ ತಾಟಿನ ಅನ್ನ ಕೆದರಿ, ಎಲುಬಿಲ್ಲವೆಂದು ನೋಡಿಕೊಂಡು ತುತ್ತು ಎತ್ತುತ್ತೇನೆ.