ಅಡುಗೆಮನೆ ಬಾಗಿಲಿನ ಮೂರು ಗೆರೆ

ಅಮಿತಾಳ ಗಂಡ ಕಾಶೀನಾಥನಿಗೆ ಪಂಚಾಂಗ ಕಂಡರೆ ಆಗುತ್ತಿರಲಿಲ್ಲ. ರಾಹುಕಾಲ ಎಂದು ಯಾರಾದರೂ ಬಾಯಿ ತೆರೆದರೆ ಮೂಗು ಮುರಿಯುತ್ತಿದ್ದ. ಅಂಥ ಪುಣ್ಯಾತ್ಮ ೧೯೯೭ರಲ್ಲಿ ಸೀತಾಬರ್ಡಿ ಪೇಟೆಯಿಂದ ಒಂದು ಕಂಪ್ಯೂಟರ್ ತಂದ. ಅಂಗಡಿಯವನು ಅದರ ಜೊತೆ ಪುಕ್ಕಟೆ ಒಂದು ಫ್ಲಾಪಿ ಕೊಟ್ಟಿದ್ದ. ಹುಟ್ಟಿದ ತಾರೀಖು ಒತ್ತಿದರೆ ಸಾಕು, ಮೈ, ಮನಸ್ಸು, ಬುದ್ಧಿ ಎಂದು ಮೂರು ಗೆರೆಗಳು ತಿಂಗಳುದ್ದಕ್ಕೂ ಏರಿಳಿದು, ಯಾವ ದಿನ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳಿಬಿಡುತ್ತಿದ್ದವು. ಕೇಂದ್ರ ಸರಕಾರದ ಆಫೀಸಿನಲ್ಲಿ ಊರವರ ಲೆಕ್ಕದ ತಪ್ಪು ಹುಡುಕಿ ಸಂಬಳ ತಿನ್ನುವ ಮನುಷ್ಯ ಅದಕ್ಕೆ ಅಡ್ಡಬಿದ್ದ. ಜೋಯಿಸರು ಹೇಳಿದರೆ ಮೂಢನಂಬಿಕೆ, ಅದನ್ನೇ ಪ್ರಿಂಟರ್ ಕರಕರ ಎಂದು ಹೇಳಿದರೆ ವಿಜ್ಞಾನವಂತೆ!

ತಿಂಗಳ ಮೊದಲ ದಿನ ಗಂಡಹೆಂಡಿರಿಬ್ಬರ ಕಾಗದಗಳೂ ಅಡುಗೆಮನೆಯ ಬಾಗಿಲಿಗೆ ಅಂಟುತ್ತಿದ್ದವು. ತನ್ನ ಬುದ್ಧಿಯ ಗೆರೆ ಇಳಿದ ದಿನ ಕಾಶೀನಾಥ ಆಫೀಸಿನಲ್ಲಿ ಯಾವ ಫೈಲಿಗೂ ಸಹಿ ಹಾಕುತ್ತಿರಲಿಲ್ಲ. ಹೆಂಡತಿಯ ಮೈಯ ಗೆರೆ ಇಳಿದ ದಿನ ಅವಳು ಲೂನಾ ಗಾಡಿ ಮುಟ್ಟುವಂತಿರಲಿಲ್ಲ. ಆದರೆ ರೊಟ್ಟಿ ಮಾತ್ರ ಬಡಿಯಲೇಬೇಕು, ಅದಕ್ಕೆ ಯಾವ ಗೆರೆಯೂ ಅಡ್ಡ ಬರುತ್ತಿರಲಿಲ್ಲ. ಅಮಿತಾ ಮೊದಮೊದಲು ನಕ್ಕಳು. ಆಮೇಲೆ ಹಾಲು ಉಕ್ಕಿದರೂ ಕಣ್ಣು ತಾನಾಗಿ ಬಾಗಿಲಿನ ಕಡೆ ಹೋಗತೊಡಗಿತು.

ಅಮಿತಾ ಗಣಿತದ ಟೀಚರು. ಮದುವೆಯಾದಂದಿನಿಂದ ಯಾರೋ ಬಾಣಂತನಕ್ಕೆ ರಜೆ ಹಾಕಿದರೆ ಅವರ ಜಾಗದಲ್ಲಿ ನಾಲ್ಕು ತಿಂಗಳು, ಇನ್ನಾರೋ ಕಾಲು ಮುರಿದುಕೊಂಡರೆ ಎರಡು ತಿಂಗಳು, ಹೀಗೇ ಕಾಲ ತಳ್ಳಿದ್ದಳು. ಕೊನೆಗೊಮ್ಮೆ ಕಾಮಠಿಯ ಶಾಲೆಯೊಂದರಿಂದ ಕಾಯಂ ಕೆಲಸಕ್ಕೆ ಸಂದರ್ಶನದ ಕರೆ ಬಂತು. ಇನ್ನೊಬ್ಬರ ಕುರ್ಚಿಯಲ್ಲಿ ಕೂತು ಅವಳಿಗೆ ಸಾಕಾಗಿತ್ತು. ಈ ಕೆಲಸ ಅವಳಿಗೆ ಬೇಕೇ ಬೇಕಿತ್ತು.

ಕಾಶೀನಾಥ ಬಾಗಿಲಿನ ಮುಂದೆ ನಿಂತು ತಲೆ ಅಲ್ಲಾಡಿಸಿದ. "ಗುರುವಾರ ನಿನ್ನ ಮೂರೂ ಗೆರಿ ತಳಾ ಹಿಡದಾವು. ಅವತ್ತ ನಿನ್ನ ತಲಿ ಓಡೂದಿಲ್ಲ. ಬ್ಯಾರೆ ತಾರೀಖು ಕೊಡ್ರಿ ಅಂತ ಸಾಲಿಯವರಿಗೆ ಬರದಬಿಡು."

"ಸಾಲಿಯವರೇನು ನಮ್ಮ ಬೀಗರೇನ್ರಿ, ನಾವು ಹೇಳಿದಾಗ ತಾರೀಖು ಬದಲ್ಸಾಕ?"

"ಹೋಗೂದಿದ್ರ ಹೋಗು. ಬಂದಮ್ಯಾಲ ಅಳಬ್ಯಾಡ. ನಾ ಅಂತೂ ಹೇಳೇನಿ."

ಹೇಳೇನಿ ಅಂತ ಹೇಳಿ ಆಫೀಸಿಗೆ ಹೋದ, ಮಹಾರಾಯ. ಗುರುವಾರ ಬಂತು, ಅಮಿತಾ ಕಾಮಠಿಯ ಬಸ್ಸು ಹತ್ತಿದಳು. ಇಡೀ ದಾರಿ ತನ್ನ ತಲೆ ಓಡುತ್ತಿದೆಯೋ ಇಲ್ಲವೋ ಎಂದು ತಾನೇ ಪರೀಕ್ಷೆ ಮಾಡಿಕೊಂಡಳು. ಹದಿನೇಳರ ಮಗ್ಗಿ ಮನಸ್ಸಿನಲ್ಲೇ ಹೇಳಿಕೊಂಡಳು. ನಡುವೆ ಒಂದು ಕಡೆ ತಡೆದಾಗ ಮತ್ತೆ ಮೊದಲಿನಿಂದ ಶುರು ಮಾಡಿದಳು.

ಮುಖ್ಯಾಧ್ಯಾಪಕರು ಕೇಳಿದ್ದು ಸುಲಭದ ಪ್ರಶ್ನೆ. ಒಂದು ಸಂಖ್ಯೆಯನ್ನು ಅರ್ಧದಿಂದ ಭಾಗಿಸಿದರೆ ಉತ್ತರ ದೊಡ್ಡದಾಗುತ್ತದಲ್ಲ, ಅದು ಯಾಕೆಂದು ಮಕ್ಕಳಿಗೆ ಹೇಗೆ ತಿಳಿಸುತ್ತೀರಿ? ರೊಟ್ಟಿ ಮುರಿದು ತೋರಿಸಿ ಅವಳು ಎಷ್ಟೋ ಸಲ ಕಲಿಸಿದ ಪಾಠ. ಬಾಯಿ ತೆರೆದಳು. ಬಾಗಿಲಿನ ಕಾಗದ ಕಣ್ಣ ಮುಂದೆ ಬಂತು. ಇಗೋ, ತಲೆ ನಿಂತೇ ಹೋಯಿತು ಎಂದುಕೊಂಡಳು, ನಿಂತೂ ಹೋಯಿತು. ಅವರು ಗಡಿಯಾರ ನೋಡಿ, ಹೋಗಿಬನ್ನಿ ಎಂದರು. ಅವಳ ನಂತರ ಒಳಗೆ ಹೋದವಳಿಗೆ ಕೆಲಸ ಆಯಿತು.

ಸರ್ಟಿಫಿಕೇಟು ಹಿಂದಕ್ಕೆ ಕೊಡುವಾಗ ಗುಮಾಸ್ತ ನಕ್ಕ. "ಕ್ಯಾ ಮ್ಯಾಡಮ್, ಚಾರೋಂ ಕಾ ಜನಮ್ ಏಕ್ ಜೂನ್?" ಸಂದರ್ಶನಕ್ಕೆ ಬಂದ ನಾಲ್ವರ ಸರ್ಟಿಫಿಕೇಟಿನಲ್ಲೂ ಹುಟ್ಟಿದ್ದು ಜೂನ್ ಒಂದು ಎಂದೇ ಇತ್ತು. ಶಾಲೆಗೆ ಸೇರಿಸುವಾಗ ವಯಸ್ಸು ಹೊಂದಲಿ ಎಂದು ಎಲ್ಲ ಊರಿನ ಮಾಸ್ತರರೂ ಬರೆದ ತಾರೀಖು ಅದು. ಬೈಲಹೊಂಗಲದ ಮಾಸ್ತರರು ಅಮಿತಾಳಿಗೂ ಅದನ್ನೇ ಬರೆದಿದ್ದರು. ನಗಲು ಹೋದವಳಿಗೆ ತಟ್ಟನೆ ಬಾಗಿಲಿನ ಕಾಗದ ನೆನಪಾಯಿತು.

ಮನೆಗೆ ಬಂದ ಕಾಶೀನಾಥ ಸುದ್ದಿ ಕೇಳಿ, "ನಾ ಹೇಳಿದ್ನಲ್ಲ?" ಎಂದ.

"ಮಶೀನಿನ್ಯಾಗ ನನ್ನ ಹೆಸರಿಗೆ ಯಾವ ತಾರೀಖು ಹಾಕೀರಿ?"

"ಸರ್ಟಿಫಿಕೇಟಿನ್ಯಾಗ ಇದ್ದದ್ದು. ಜೂನ್ ಒಂದು."

"ನಾ ಸಂಕ್ರಾಂತಿಗೆ ಹುಟ್ಟಿದಾಕಿ. ಪ್ರತಿ ವರ್ಷ ಅವತ್ತ ನನಗ ಸೀರಿ ತರೂದು ನೀವಽ."

"ಅದು ಮನಿ ಮಾತು. ದಾಖಲೆದಾಗ ಇದ್ದದ್ದಽ ಖರೆ."

ಹಾಗೆಂದವನು ಎದ್ದು ಕಂಪ್ಯೂಟರಿನ ಮುಂದೆ ಕೂತ. ಜನವರಿ ಹದಿನಾಲ್ಕು ಎಂದು ಒತ್ತಿದ. ಮೂರು ಗೆರೆಗಳೂ ಆ ಗುರುವಾರದಂದು ನೆತ್ತಿ ಮುಟ್ಟಿದ್ದವು. ನಾಚಿಕೆಯಾದರೂ ಆಗಬೇಡವೇ? ಅವನ ಮುಖ ಅರಳಿತು.

"ನೋಡು, ಇವತ್ತು ನಿನಗ ಭಾಳ ಚಲೋ ದಿನ ಇತ್ತು. ಮಶೀನು ಬರೋಬರ್ ಹೇಳತೈತಿ. ನೀನಽ ಸುಮ್ನ ಅಂಜಿದಿ."

ಅಮಿತಾಳಿಗೆ ಮೈಯೆಲ್ಲ ಉರಿಯಿತು. ಎಷ್ಟು ವರ್ಷ ಕಾದು ಬಂದಿದ್ದ ಕೆಲಸ! ಅವನು ಪ್ರಿಂಟರಿಗೆ ಹೊಸ ಕಾಗದ ಸಿಗಿಸುತ್ತಿದ್ದ.

"ಆಗ್ಲಿ ಬಿಡು. ಮುಂದಿನ ಇಂಟರ್‌ವ್ಯೂ ಯಾವಾಗಂತ ಜಲ್ದಿ ಹೇಳು. ಖರೆ ತಾರೀಖು ಹಾಕಿ ನೋಡತೇನಿ."

"ಇಲ್ರಿ," ಎಂದಳು ಅಮಿತಾ. "ನೌಕರಿ ಸಿಕ್ಕಮ್ಯಾಲ ಹೇಳತೇನಿ."