ಬೋರಲು ಹಾಕಿದ ತಟ್ಟೆ

ಕೆಂಟಕಿಯ ನಮ್ಮ ಗಣಿಯೂರಿನಲ್ಲಿ ಡಾಯ್ಲ್ ಚಿಕ್ಕಪ್ಪ ತನ್ನದೇ ಬದುಕಿನ ಮೇಲೆ ಕಟ್ಟಿದ ಹಾಡು ಬಾರದವರಿಲ್ಲ. ಅದರಲ್ಲಿ ಡೆಟ್ರಾಯಿಟ್‌ಗೆ ದುಡಿಯಲು ಹೋದ ಗಂಡ ಬಹಳ ಕಾಲದ ಮೇಲೆ ಹೇಳದೆ ಕೇಳದೆ ಮನೆಗೆ ಬರುತ್ತಾನೆ. ಮೇಜಿನ ಮೇಲೆ ಅವನ ಜಾಗದಲ್ಲಿ ತಟ್ಟೆಯೊಂದು ಬೋರಲಾಗಿ ಕಾಯುತ್ತಿರುತ್ತದೆ. ರೇಡಿಯೋದಲ್ಲಿ ಅದು ಬಂದರೆ ಗಟ್ಟಿ ಗಂಡಸರೂ ಮೂಗೊರೆಸಿಕೊಳ್ಳುತ್ತಿದ್ದರು.

ನನ್ನನ್ನು ಕಾಡುತ್ತಿದ್ದುದು ಬೇರೆ. ಕಲ್ಲಿದ್ದಲ ಧೂಳು ಕೂರದಿರಲಿ ಎಂದು ನಮ್ಮಲ್ಲಿ ಎಲ್ಲರೂ ತಟ್ಟೆ ಬೋರಲು ಹಾಕುವವರೇ. ಆದರೆ ಊರಲ್ಲೇ ಇಲ್ಲದ ಗಂಡನಿಗೆ ದಿನವೂ ಒಂದು ತಟ್ಟೆ ತೊಳೆದಿಡುವಷ್ಟು ಬಿಡುವು ವರ್ನಾ ಚಿಕ್ಕಮ್ಮನಿಗೆ ಎಲ್ಲಿತ್ತು?

ಹಾಡಿನ ತಟ್ಟೆಯನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಪಟ್ಟಣದ ಮ್ಯೂಸಿಯಂನವರು ಬರುವ ದಿನ, ಹಿತ್ತಲಲ್ಲಿ ಅವಳ ಜೊತೆ ದುಪ್ಪಟಿ ಹಿಂಡುತ್ತಾ ಕೇಳಿಯೇಬಿಟ್ಟೆ.

"ಚಿಕ್ಕಮ್ಮ, ನಿಜ ಹೇಳು. ದಿನಾ ಚಿಕ್ಕಪ್ಪಂಗೆ ತಟ್ಟೆ ಇಡ್ತಿದ್ಯಾ?"

"ಡೆಟ್ರಾಯಿಟ್‌ನಿಂದ ಊಟಕ್ಕೆ ಬರ್ತಾನಾ ಅವನು? ಸರಿಯಾಗಿ ಹಿಂಡೇ, ನೀರು ಸುರೀತಿದೆ."

"ಮತ್ತೆ ಯಾರದ್ದು?"

"ಓಪಲ್‌ದು."

ಓಪಲ್ ಪಕ್ಕದ ಮನೆಯ ವಿಧವೆ. ಚಿಕ್ಕಮ್ಮ ಗಣಿಯವರ ಊಟದ ಮನೆಯಲ್ಲಿ ಬೇಯಿಸಲು ಹೋದರೆ, ಇಲ್ಲಿ ಮಕ್ಕಳನ್ನು ನೋಡಿಕೊಂಡು, ಒಲೆ ಆರದಂತೆ ಕಾದು, ಹುರುಳಿಕಾಯಿ ಬೇಯಿಸುತ್ತಿದ್ದವಳು ಅವಳು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದರು. ಈಗಲೂ ಉಣ್ಣುತ್ತಾರೆ.

"ಚಿಕ್ಕಪ್ಪ ಬಂದ ದಿನಾನೇ ಹೇಳ್ಬಾರ್ದಿತ್ತಾ?"

"ತಟ್ಟೆ ನೋಡಿ ಅಳ್ತಾ ನಿಂತಿದ್ದ ಕಣೆ. ಓಪಲ್ ಹಿಂದಿನ ಬಾಗಿಲಿಂದ ಹಸ್ಕೊಂಡೇ ಮನೆಗೆ ಹೋದ್ಲು. ಹಾಡು ಕಟ್ತಾನೆ ಅಂತ ಯಾರಿಗೆ ಗೊತ್ತಿತ್ತು?"

ಅಷ್ಟರಲ್ಲಿ ಮ್ಯೂಸಿಯಂನವರ ಕಾರು ಬಂತು. ಜಗಲಿಯಿಂದ ಚಿಕ್ಕಪ್ಪ ಕೂಗಿದ, "ವರ್ನಾ, ಆ ನೀಲಿ ಅಂಚಿನ ತಟ್ಟೆ ತಗೊಂಬಾರೇ!"

ಚಿಕ್ಕಮ್ಮ ಕೈ ಒರೆಸಿಕೊಂಡು ಒಳಗೆ ಹೋದಳು; ನಾನೂ ಹಿಂದೆ ಹೋದೆ. ಕಪಾಟಿನೆದುರು ಸ್ವಲ್ಪ ಹೊತ್ತು ನಿಂತಳು. ಬೇರೆ ಯಾವುದಾದರೂ ತಟ್ಟೆ ಕೊಟ್ಟು ಕಳಿಸುತ್ತಾಳೆ ಅಂದುಕೊಂಡೆ. ಬರಿಗೈಲಿ ಜಗಲಿಗೆ ಬಂದಳು.

"ಅದು ಓಪಲ್ ಉಣ್ಣೋ ತಟ್ಟೆ. ಕೊಡೋಕಾಗಲ್ಲ."

"ಹಾಡಿನ ತಟ್ಟೆ ಕಣೇ ಅದು!"

"ಹಾಡಿಗಿಂತ ಮುಂಚೆನೂ ಅವಳದೇ. ನೀನು ಬಂದ ದಿನಾನೂ ಅವಳಿಗೇ ಇಟ್ಟಿದ್ದೆ."

ಬಂದವರು ಟೋಪಿ ತಿರುವುತ್ತಾ ನಿಂತರು. ಚಿಕ್ಕಪ್ಪ ಗಿಟಾರು ಕೆಳಗಿಟ್ಟ.

"ಹಾಗಾದ್ರೆ... ನಂದು ಎಲ್ಲಿತ್ತು?"

"ಕಪಾಟಲ್ಲಿ. ಇಳಿಸಿ ತೊಳ್ಕೊಂಡಿದ್ರೆ ಸಿಕ್ತಿತ್ತು."

ಬಂದವರು ತಟ್ಟೆಯ ಬದಲು ಅವನ ಗಿಟಾರಿನ ಹಳೆಯ ಹೆಗಲಪಟ್ಟಿ ತೆಗೆದುಕೊಂಡು ಹೋದರು. ಮಧ್ಯಾಹ್ನ ಓಪಲ್ ಬಂದು ನೀಲಿ ಅಂಚಿನ ತಟ್ಟೆ ಮಗುಚಿ, ಹುರುಳಿಕಾಯಿ ಬಡಿಸಿಕೊಂಡಳು. ಮೇಜಿನ ಮೇಲೆ ಚಿಕ್ಕಪ್ಪನ ತಟ್ಟೆ ಇರಲಿಲ್ಲ. ಅವನು ಎದ್ದು ಕಪಾಟು ತೆರೆದು, ತನ್ನ ತಟ್ಟೆಗಾಗಿ ತಡಕಾಡಿದ.

"ಎಡಗಡೆ, ಕೆಳಗಿನ ಖಾನೆ," ಎಂದಳು ಓಪಲ್.