ನಾನು ಓದದೆ ಬಿಟ್ಟ ಸಾಲು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಧ್ವನಿಮುದ್ರಣದ ದಿನ ಮಳೆಯಿತ್ತೆಂದು ನನ್ನ ಡೈರಿ ಹೇಳುತ್ತದೆ. ನನ್ನ ನೆನಪಿನಲ್ಲಿ ಬಿಸಿಲಿದೆ. ಆದರೆ ಒಂದು ವಿಷಯದಲ್ಲಿ ಗೊಂದಲವಿಲ್ಲ — ಆ ಸಾಲನ್ನು ಬಿಟ್ಟವಳು ನಾನು. ಗೊತ್ತಿದ್ದೂ ಬಿಟ್ಟೆ. ಅಣ್ಣ ಸತ್ತದ್ದು ಅದರಿಂದಲೇ ಎಂದು ಯಾವ ವೈದ್ಯರೂ ಹೇಳಿಲ್ಲ. ಅದರಿಂದಲ್ಲ ಎಂದೂ ಹೇಳಿಲ್ಲ, ಏಕೆಂದರೆ ನಾನು ಯಾರನ್ನೂ ಕೇಳಲೇ ಇಲ್ಲ.

ಕೊರೊನಾದ ಮೊದಲ ವರ್ಷ ನಾನು ಆಮ್‌ಸ್ಟರ್‌ಡಾಮಿನ ಒಂದು ಸಣ್ಣ ಆರೋಗ್ಯ ಸೇವಾಸಂಸ್ಥೆಯಲ್ಲಿದ್ದೆ. ಮನೆ ಪಕ್ಕದ ಡೀಮೆನ್ ಊರಿನಲ್ಲಿ, ಕಚೇರಿಯೆಂದರೆ ಅಡುಗೆಮನೆಯ ಮೇಜು. ಚೌಕಗಳಲ್ಲಿ ಜನ ಸೇರಿ ವರ್ಣಭೇದದ ವಿರುದ್ಧ ಕೂಗಿದ ಆ ಬೇಸಿಗೆಯಲ್ಲಿ ನಮ್ಮ ಸಂಸ್ಥೆಯೂ ಒಂದು ಪ್ರತಿಜ್ಞೆ ಬರೆಯಿತು. ಚರ್ಮದ ಬಣ್ಣದಿಂದಾಗಿ ಯಾರಿಗೂ ಆರೈಕೆ ಕಡಿಮೆಯಾಗಬಾರದು, ನಮ್ಮೊಳಗಿನ ತಾರತಮ್ಯವನ್ನೂ ಹುಡುಕಿ ತೆಗೆಯಬೇಕು — ಹೀಗೆ. ಆ 'ನಮ್ಮೊಳಗಿನ' ಎಂಬ ಪದ ನನ್ನದು. ಎಲ್ಲರೂ ಮೆಚ್ಚಿದರು. ಅದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಬಿಳಿಯ ಸಹೋದ್ಯೋಗಿಗಳು ಮಾತ್ರ.

ಪ್ರತಿಜ್ಞೆಯ ಮೊದಲ ಕೆಲಸವಾಗಿ, ಮನೆಯಲ್ಲೇ ರೋಗಿಯನ್ನು ನೋಡಿಕೊಳ್ಳುವುದು ಹೇಗೆಂದು ಹೇಳುವ ಪುಟ್ಟ ಆಡಿಯೊಗಳನ್ನು ಹಲವು ಭಾಷೆಗಳಲ್ಲಿ ಮಾಡಿದೆವು. ಹಟ ಹಿಡಿದು ಕನ್ನಡವನ್ನೂ ಸೇರಿಸಿದೆ. ಇಂಗ್ಲಿಷ್ ಪಠ್ಯ ಬರೆದವಳು ಜೋಸ್ಲಿನ್, ದಕ್ಷಿಣ ಅಮೆರಿಕದ ಸುರಿನಾಮ್ ಮೂಲದ ವೈದ್ಯೆ, ನನ್ನ ಮೇಲಧಿಕಾರಿ. ಅದರಲ್ಲೊಂದು ಸಾಲಿತ್ತು: ನಿಮ್ಮ ಚರ್ಮ ಕಪ್ಪಾಗಿದ್ದರೆ ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಉಸಿರು ಕಷ್ಟವಾದರೆ ಅಂಕಿಯನ್ನು ನಂಬಬೇಡಿ, ವೈದ್ಯರಿಗೆ ಫೋನ್ ಮಾಡಿ.

"ಕನ್ನಡದಲ್ಲಿ ಇದು ಬೇಡ," ಎಂದೆ. "ನಮ್ಮವರು ಬೇಜಾರು ಮಾಡಿಕೊಳ್ಳುತ್ತಾರೆ. ನಾವು ಅಷ್ಟು ಕಪ್ಪಲ್ಲ."

ಪರದೆಯ ಮೇಲೆ ಜೋಸ್ಲಿನ್ ತನ್ನ ಕಪ್ಪು ಕೈಯನ್ನು ಕ್ಯಾಮೆರಾದ ಹತ್ತಿರ ತಂದಳು. "ಅಷ್ಟು ಅಂದರೆ ಎಷ್ಟು? ನನ್ನಷ್ಟು?"

ಕ್ಷಮೆ ಕೇಳಿದೆ. ಸಾಲನ್ನು ಖಂಡಿತ ಸೇರಿಸುತ್ತೇನೆ ಎಂದೆ. ಆಮೇಲೆ ಅದಿಲ್ಲದೆಯೇ ಓದಿ ಕಳುಹಿಸಿದೆ. ಅವಳಿಗೆ ಕನ್ನಡ ಬರುವುದಿಲ್ಲ.

ಯಾಕೆ? — ನಮ್ಮವರಿಗಾಗಿ ಎಂದು ಬಹಳ ಕಾಲ ಹೇಳಿಕೊಂಡೆ. ಆದರೆ ನನ್ನ ಬಾಯಿಂದ ಆ ಸಾಲು ಬರುವುದು ಬೇಡವೆಂದದ್ದು ನಾನೇ. ಉಡುಪಿಯ ನಮ್ಮ ಮನೆಯಲ್ಲಿ ಕಡಲೆಹಿಟ್ಟು, ಕೆನೆ ನನ್ನ ಮುಖದಿಂದ ಒಣಗಿ ಉದುರುವವರೆಗೆ ಅಮ್ಮ ನನ್ನನ್ನು ಶಾಲೆಗೂ ಬಿಡುತ್ತಿರಲಿಲ್ಲ. ಅಣ್ಣ ನನಗಿಂತ ಕಪ್ಪು. ಅವನ ಮದುವೆಯ ಫೋಟೋದಲ್ಲಿ ಸ್ಟುಡಿಯೋದವರು ಮುಖವನ್ನು ಎಷ್ಟು ತಿಳಿಗೊಳಿಸಿದ್ದರೆಂದರೆ, ಕಿವಿ ಒಬ್ಬರದು, ಕೆನ್ನೆ ಇನ್ನೊಬ್ಬರದು ಅನ್ನಿಸುತ್ತಿತ್ತು. ಅದನ್ನೇ ಅಣ್ಣ, ಅತ್ತಿಗೆ ಆಮ್‌ಸ್ಟರ್‌ಡಾಮಿನ ಹತ್ತಿರದ ಬಾಡ್‌ಹೂವೆಡಾರ್ಪ್‌ನ ತಮ್ಮ ಮನೆಯ ಗೋಡೆಗೆ ಹಾಕಿಕೊಂಡಿದ್ದರು. "ಇದು ಯಾರೋ ನನ್ನ ಹೆಂಡತಿಯ ಹಳೇ ಗಂಡ," ಎಂದು ಅಣ್ಣ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ.

ಆಡಿಯೊ ಗುಂಪಿನಿಂದ ಗುಂಪಿಗೆ ಹೋಗಿ ಅತ್ತಿಗೆಗೂ ತಲುಪಿತು. "ನಿನ್ನ ಸ್ವರ ಕೇಳಿ ಧೈರ್ಯ ಆಯ್ತು ಮಾರಾಯ್ತಿ," ಎಂದು ಫೋನ್ ಮಾಡಿದರು. "ವಾರ್ತೆ ಓದುವವರ ಹಾಗೆ ಉಂಟು." ಹಿಂದಿನಿಂದ ಅಣ್ಣ, "ಮನೆಯಲ್ಲಿ ಬರೀ ಬೊಬ್ಬೆ ಅಲ್ವಾ ಅವಳದ್ದು!" ಎಂದ.

ಆ ಚಳಿಗಾಲದ ಶುರುವಿನಲ್ಲಿ ಅವನಿಗೆ ಜ್ವರ ಬಂತು. ಒಂದು ಮಧ್ಯಾಹ್ನ ಅತ್ತಿಗೆಯ ಫೋನ್. "ಮೆಷಿನ್ ತೊಂಬತ್ತೈದು ತೋರಿಸ್ತದೆ. ಆದ್ರೆ ಇವರು ಮಾತಾಡ್ತಾ ನಡುವೆ ನಿಲ್ತಾರೆ. ಎಂತ ಮಾಡುದು?" ತೊಂಬತ್ತೈದೋ, ತೊಂಬತ್ತನಾಲ್ಕೋ — ಈಗ ಖಚಿತವಿಲ್ಲ. ನಾನು ಹೇಳಿದ್ದು ಖಚಿತ. "ಆಡಿಯೊದಲ್ಲಿ ಹೇಳಿದ್ದೇನಲ್ಲ ಅತ್ತಿಗೆ. ಒಳ್ಳೇ ನಂಬರೇ ಅದು. ನಾಳೆವರೆಗೆ ನೋಡಿ."

ಆ ಕ್ಷಣ ನನಗೆ ಬಿಟ್ಟ ಸಾಲು ನೆನಪಾಯಿತೇ? ನೂರಾರು ಸಲ ಆ ಮಧ್ಯಾಹ್ನಕ್ಕೆ ಹಿಂದಿರುಗಿದ್ದೇನೆ. ನೆನಪಾಗಿ, ಹೇಳಲು ನಾಚಿಕೆಯಾಗಿ ಸುಮ್ಮನಾದೆನೇ? ಅಥವಾ — ನಿಜವಾಗಿಯೂ ಮರೆತಿದ್ದೆನೇ? ಡೈರಿಯಲ್ಲಿ ಆ ದಿನ 'ಅತ್ತಿಗೆ ಫೋನ್' ಎಂದಷ್ಟೇ ಇದೆ. ಎಲ್ಲವನ್ನೂ ಬರೆಯುವವಳು ಅಂದು ಅಷ್ಟೇ ಯಾಕೆ ಬರೆದೆ?

ಮರುದಿನ ಆಂಬುಲೆನ್ಸ್ ಬಂದಾಗ ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತಂತೆ. ಅತ್ತಿಗೆಯನ್ನು ಜೊತೆಗೆ ಬಿಡಲಿಲ್ಲ. ಅವನು ಮನೆಗೆ ಮರಳಲಿಲ್ಲ. ಕೊನೆಯ ವಿಧಿಗೆ ಇಟ್ಟದ್ದು ಅದೇ ಮದುವೆಯ ಫೋಟೋ — ಬೇರೆ ಚೆನ್ನಾಗಿರುವುದು ಸಿಗಲಿಲ್ಲವೆಂದರು ಅತ್ತಿಗೆ. ಮಾಲೆಯ ನಡುವೆ ಆ ತಿಳಿಬಣ್ಣದ ಅಪರಿಚಿತನಿಗೆ ನಾನು ಕೈಮುಗಿದೆ.

ವರ್ಷದ ಕೊನೆಗೆ ಸಂಸ್ಥೆಯ ಸಭೆಯಲ್ಲಿ ನಿರ್ದೇಶಕರು ಪ್ರತಿಜ್ಞೆಯನ್ನು ಮತ್ತೆ ಓದಿದರು. ಅದನ್ನು ಬದುಕಿ ತೋರಿಸಿದ ಉದಾಹರಣೆಯೆಂದು ನನ್ನ ಕನ್ನಡ ಆಡಿಯೊ ಕೇಳಿಸಿದರು. ಯಾರಿಗೂ ಅರ್ಥವಾಗದ ಆ ಭಾಷೆಯಲ್ಲಿ ನನ್ನ ಸ್ಪಷ್ಟವಾದ, ಧೈರ್ಯ ಕೊಡುವ ಸ್ವರ. ಎಲ್ಲರೂ ಪರದೆಗಳಲ್ಲಿ ಚಪ್ಪಾಳೆ ತಟ್ಟಿದರು. ಜೋಸ್ಲಿನ್ ಎಲ್ಲರಿಗಿಂತ ಜೋರಾಗಿ. ನಾನು ಥ್ಯಾಂಕ್ಸ್ ಎಂದೆ.

ಅವಳಿಗೆ ನಿಜ ಹೇಳಲು ಇನ್ನೂ ಒಂದು ವರ್ಷ ಬೇಕಾಯಿತು. ಅವಳು ಬೈಯಲಿಲ್ಲ. "ಆ ಆಡಿಯೊ ಎಷ್ಟು ಮನೆಗಳಿಗೆ ಹೋಗಿದೆ?" ಎಂದಷ್ಟೇ ಕೇಳಿದಳು. ಗೊತ್ತಿಲ್ಲವೆಂದೆ. ಅಂದೇ ಆ ಸಾಲನ್ನು ಸೇರಿಸಿ ಮತ್ತೆ ಓದಿದೆ. 'ಕಪ್ಪು' ಎಂಬಲ್ಲಿ ಸ್ವರ ಒಡೆಯಿತು. ತಿದ್ದಲಿಲ್ಲ, ಹಾಗೆಯೇ ಕಳುಹಿಸಿದೆ. ಹಿಂದಿನದರಲ್ಲಿ ಈ ಮಾತನ್ನು ಬೇಕೆಂದೇ ಬಿಟ್ಟಿದ್ದೆ ಎಂದೂ ಗುಂಪುಗಳಲ್ಲಿ ಬರೆದೆ. ಹಲವರು ಕೈಮುಗಿಯುವ ಚಿತ್ರ ಹಾಕಿದರು. ಅತ್ತಿಗೆ ಓದಿದ್ದಾರೆಂದು ಫೋನ್ ತೋರಿಸಿತು.

ಆಮೇಲಿನ ಭಾನುವಾರ ಅವರ ಮನೆಗೆ ಹೋದೆ. ಗೋಡೆಯಲ್ಲಿ ಮದುವೆಯ ಫೋಟೋ ಇರಲಿಲ್ಲ. ಅದರ ಜಾಗದಲ್ಲಿ, ಸಮುದ್ರದ ದಂಡೆಯಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಅಣ್ಣ — ಅವನದೇ ಬಣ್ಣದಲ್ಲಿ. ಅತ್ತಿಗೆ ಚಾ ಸೋಸುತ್ತಿದ್ದರು. ಕ್ಷಮಿಸಿ ಎಂಬ ಪದದ ಹಿಂದೆ ಅಡಗಲು ಮನಸ್ಸಾಗಲಿಲ್ಲ. ನಿಜವೇ ಬೇಕಾಗಿತ್ತು, ಎಷ್ಟು ಕೆಟ್ಟದಾದರೂ. ಅವರು ಲೋಟವನ್ನು ನನ್ನ ಮುಂದಿಟ್ಟು, ಕಿಟಕಿಯ ಕಡೆ ತಿರುಗಿ ನಿಂತರು. ನಾನು ಕೇಳಿದ್ದು ಇಷ್ಟೇ:

"ಅತ್ತಿಗೆ, ಅವತ್ತು ನೀವು ಡಾಕ್ಟರಿಗೇ ಫೋನ್ ಮಾಡ್ಲಿಕ್ಕೆ ಹೊರಟಿದ್ರಿ ಅಲ್ವಾ — ನಿಲ್ಲಿಸಿದ್ದು ನಾನಲ್ವಾ?"